ಸರಪಳಿಯ ಗ್ರಂಥಗಳೂ ಬಡ ವಿದ್ಯಾರ್ಥಿಯೂ

ಮಧ್ಯಯುಗದಲ್ಲಿ ಧರ್ಮಸಭೆಯು ಜ್ಞಾನವನ್ನು ಸರಪಳಿಯಿಂದ ಬಿಗಿದಿತ್ತೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಗ್ರಂಥಗಳಿಗೆ ಸರಪಳಿ ಹಾಕಿದ್ದುದು ನಿಜ. ಏತಕ್ಕೆ ಹಾಕಿದರೆಂದು ವಿಚಾರಿಸುವವರು ವಿರಳ.

ಮುದ್ರಣಯಂತ್ರವಿನ್ನೂ ಬಾರದಿದ್ದ ಹದಿಮೂರನೆಯ ಶತಮಾನದ ಪ್ಯಾರಿಸ್ ನಗರ. ದೈವಶಾಸ್ತ್ರದ ವಿದ್ಯಾರ್ಥಿಗೆ ಪವಿತ್ರ ಬೈಬಲ್ಲಿನೊಡನೆ ಪೀಟರ್ ಲೊಂಬಾರ್ಡರ 'ಸೆಂಟೆನ್ಸಸ್' ಎಂಬ ಪಠ್ಯವೂ ಬೇಕು. ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ಅಂತಹ ಗ್ರಂಥವನ್ನು ಕೊಳ್ಳುವುದು ಬಡವನಿಗೆ ಕನಸಿನ ಮಾತು. ಇದಕ್ಕೆ ವಿಶ್ವವಿದ್ಯಾನಿಲಯವು ಕಂಡುಕೊಂಡ ಉಪಾಯ 'ಪೇಸಿಯಾ', ಅರ್ಥಾತ್ ತುಂಡು. ಅಧ್ಯಾಪಕರ ಒಪ್ಪಿಗೆ ಪಡೆದ ಮೂಲಪ್ರತಿಯನ್ನು ಪುಸ್ತಕ ವ್ಯಾಪಾರಿಯು ಒಟ್ಟಾಗಿ ಹೊಲಿಯದೆ, ಸಾಮಾನ್ಯವಾಗಿ ನಾಲ್ಕು ಹಾಳೆಗಳ ಬಿಡಿ ಕಟ್ಟುಗಳಾಗಿ ಇರಿಸುತ್ತಿದ್ದನು. ವಿದ್ಯಾರ್ಥಿಯು ಒಂದು ಕಟ್ಟನ್ನು ಬಾಡಿಗೆಗೆ ಒಯ್ದು, ನಕಲು ಮಾಡಿಕೊಂಡು, ಅದನ್ನು ಹಿಂದಿರುಗಿಸಿ ಮುಂದಿನದನ್ನು ಪಡೆಯುವನು. ಹೀಗೆ ಒಂದೇ ಗ್ರಂಥವನ್ನು ಹಲವರು ಏಕಕಾಲಕ್ಕೆ ಬರೆದುಕೊಳ್ಳಬಹುದಾಗಿತ್ತು. ವ್ಯಾಪಾರಿಗಳು ವಿಶ್ವವಿದ್ಯಾನಿಲಯಕ್ಕೆ ಪ್ರಮಾಣ ಮಾಡಬೇಕೆಂಬ ನಿಯಮ 1275ರಲ್ಲಿ ಬಂದಿತು. 1304ರ ಬಾಡಿಗೆ ದರಪಟ್ಟಿಯೊಂದು ಇಂದಿಗೂ ಉಳಿದಿದೆ. ಸಂತ ತೋಮಸ್ ಅಕ್ವಿನಾಸರ ಕೃತಿಗಳು ಹಬ್ಬಿದುದು ಬಹುಮಟ್ಟಿಗೆ ಈ ತುಂಡುಗಳ ಮೂಲಕವೇ.

ಆದರೆ ಬಾಡಿಗೆಗೂ ಹಣ ಬೇಡವೆ? ಬಡಕುಟುಂಬದಲ್ಲಿ ಜನಿಸಿ, ಸಂತ ಲೂಯಿ ಅರಸನ ಆಸ್ಥಾನಗುರುವಾಗಿದ್ದ ರಾಬರ್ಟ್ ದ ಸೊರ್ಬೋನ್ ಈ ಕಷ್ಟವನ್ನು ಬಲ್ಲವರು. ದೈವಶಾಸ್ತ್ರವನ್ನು ಕಲಿಯಬಯಸುವ ಬಡ ಗುರುಗಳಿಗಾಗಿ ಅವರು 1257ರಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. 1272ರಲ್ಲಿ ನಿಧನರಾದ ಜೆರಾರ್ಡ್ ದ ಆಬ್ಬೆವಿಲ್ ಎಂಬ ಪಂಡಿತರು ಸುಮಾರು 300 ಗ್ರಂಥಗಳನ್ನು ಅದಕ್ಕೆ ಬಿಟ್ಟುಹೋದರು. 1289ರಲ್ಲಿ ಸರಪಳಿಯ ಗ್ರಂಥಗಳ ಮಹಾಗ್ರಂಥಾಲಯ ಏರ್ಪಟ್ಟಿತು. ಇನ್ನೊಂದು ಕಿರುಗ್ರಂಥಾಲಯದಿಂದ ಪುಸ್ತಕಗಳನ್ನು ಎರವಲು ಕೊಡುತ್ತಿದ್ದರು. ಪ್ರತಿಯೊಂದು ಶಾಸ್ತ್ರದ ಅತ್ಯುತ್ತಮ ಗ್ರಂಥವನ್ನು, ಒಂದೇ ಪ್ರತಿಯಿದ್ದರೂ ಸರಿಯೆ, ಸರ್ವರ ಬಳಕೆಗಾಗಿ ಸರಪಳಿಯಲ್ಲಿಯೇ ಇಡತಕ್ಕದ್ದೆಂದು 1321ರ ನಿಯಮವು ವಿಧಿಸಿತು. ಸರಪಳಿಯು ತಡೆದದ್ದು ಓದುಗನನ್ನಲ್ಲ, ಪುಸ್ತಕವನ್ನು ತನ್ನ ಕೋಣೆಗೆ ಒಯ್ದು ಮರೆತುಬಿಡುವ ಹಿರಿಯನನ್ನು! ನಮ್ಮ ಕಾಲೇಜುಗಳಲ್ಲಿಯೂ ಪಠ್ಯಗ್ರಂಥದ ಒಂದು ಪ್ರತಿಯನ್ನು ಮನೆಗೆ ಕೊಡದೆ ಅಲ್ಲಿಯೇ ಓದಲು ಇರಿಸುವ ಪದ್ಧತಿಯುಂಟು. ಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಯು ನಂಬಿ ಬರುವುದು ಆ ಪ್ರತಿಯನ್ನೇ.

ಸೊರ್ಬೋನ್ ಗ್ರಂಥಾಲಯವು ಪ್ಯಾರಿಸ್ಸಿನ ಎಲ್ಲ ವಿದ್ಯಾರ್ಥಿಗಳಿಗೂ ತೆರೆದ ಬಾಗಿಲಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹೊರಗಿನವರು ಎರವಲು ಪಡೆಯಬೇಕಾದರೆ ಒತ್ತೆಯಿಡಬೇಕಾಗಿತ್ತು. 1338ರ ಪಟ್ಟಿಯಲ್ಲಿ 1,722 ಗ್ರಂಥಗಳಿದ್ದವು. ಸರಪಳಿಯಲ್ಲಿದ್ದವು ಸುಮಾರು 330. ಪಟ್ಟಿ ಬರೆಯುವ ವೇಳೆಗಾಗಲೇ ಹಲವು ಗ್ರಂಥಗಳು ಕಾಣೆಯಾಗಿದ್ದವು.