ಕುದುರೆಯ ಬೆನ್ನಿನಿಂದ ಇಳಿದ ಉಡುಪು

ದೂರದ ಪ್ರಯಾಣಕ್ಕೆ ಹೊರಟವರು ತಮ್ಮ ಷರಾಯಿಯಿಂದ ಏನನ್ನು ಬಯಸುತ್ತಾರೆ? ಅದು ಹಗುರವಾಗಿರಬೇಕು, ನಡೆಯುವಾಗ ತೊಡೆಯನ್ನು ಉಜ್ಜಬಾರದು, ಗಂಟೆಗಟ್ಟಲೆ ಕುಳಿತರೂ ಬಿಗಿಯಬಾರದು, ರಾತ್ರಿ ಒಗೆದು ಹರವಿದರೆ ಬೆಳಗಿನ ಹೊತ್ತಿಗೆ ಒಣಗಿರಬೇಕು. ಅಂಗಡಿಯ ಕಟ್ಟೆಯ ಮೇಲೆ ಮುಗಿದುಹೋಗುವ ಮಾತಿದು ಎಂದು ನಮಗೆ ತೋರುತ್ತದೆ. ಆದರೆ ಈ ಬೇಡಿಕೆಯ ಹಿಂದೆ ಮೂರು ಸಾವಿರ ವರ್ಷಗಳ ಇತಿಹಾಸವಿದೆ. ಕಾಲಿಗೊಂದು ಕೊಳವೆಯಂತೆ ಹೊಲಿದ ಈ ಉಡುಪು ಹುಟ್ಟಿದ್ದೇ ಪ್ರಯಾಣಕ್ಕಾಗಿ. ಅದನ್ನು ಯಾರು ಉಡಬಹುದು, ಯಾರು ಉಡಬಾರದು ಎಂದು ನಡೆದ ವಾದಗಳೆಲ್ಲ ಮೂಲತಃ ಯಾರು ಎಷ್ಟು ದೂರ ಹೋಗಬಹುದು ಎಂಬ ವಾದಗಳೇ ಆಗಿದ್ದವು.

ಚೀನದ ಪಶ್ಚಿಮಕ್ಕಿರುವ ಶಿಂಜಿಯಾಂಗಿನಲ್ಲಿ ತುರ್ಫಾನ್ ಎಂಬ ಮರುಭೂಮಿಯ ತಗ್ಗು ಪ್ರದೇಶವಿದೆ. ಅಲ್ಲಿನ ಯಾಂಗ್‌ಹಾಯ್ ಸ್ಮಶಾನದ ಗೋರಿಗಳಲ್ಲಿ ದೊರೆತ ಉಣ್ಣೆಯ ಷರಾಯಿಗಳನ್ನು ಕುರಿತ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅವು ಕ್ರಿಸ್ತಪೂರ್ವ ಹದಿಮೂರರಿಂದ ಹತ್ತನೆಯ ಶತಮಾನದ ನಡುವಿನವು. ಇದುವರೆಗೆ ತಿಳಿದಿರುವ ಷರಾಯಿಗಳಲ್ಲಿ ಅತ್ಯಂತ ಹಳೆಯವು. ಸತ್ತವರ ಬಳಿಯಲ್ಲಿ ಕುದುರೆಯ ಕಡಿವಾಣವೂ ಇತ್ತು, ಕೊಡಲಿಯೂ ಇತ್ತು. ಎಂದರೆ ಅವರು ಸವಾರರು. ನಮ್ಮನ್ನು ಬೆರಗುಗೊಳಿಸುವುದು ಆ ನೇಕಾರನ ವಿವೇಕ. ಅವನು ಬಟ್ಟೆಯನ್ನು ನೇಯ್ದು ಆಮೇಲೆ ಕತ್ತರಿಸಲಿಲ್ಲ. ಬೇಕಾದ ಆಕಾರಕ್ಕೇ ಮೂರು ತುಂಡುಗಳನ್ನು ನೇಯ್ದ. ಎರಡು ಕಾಲುಗಳಿಗೆ ಎರಡು. ಅವೆರಡರ ನಡುವೆ, ತೊಡೆಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಗಲಿಸುವ ಇನ್ನೊಂದು. ಕಾಲು ಅಗಲಿಸಿ ಕುದುರೆ ಏರುವವನಿಗೆ ಆ ಮೂರನೆಯ ತುಂಡೇ ಪ್ರಾಣ. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ತೋರಿಸಿತು. ಒಂದೇ ಷರಾಯಿಯಲ್ಲಿ ಅಂಗಕ್ಕೆ ತಕ್ಕ ನೇಯ್ಗೆಗಳಿದ್ದವು: ಎಳೆದರೆ ಒಲಿಯಬೇಕಾದಲ್ಲಿ ಓರೆನೇಯ್ಗೆ, ಪೆಟ್ಟು ತಾಳಬೇಕಾದ ಮೊಣಕಾಲಿನಲ್ಲಿ ದಪ್ಪನೆಯ ನೇಯ್ಗೆ, ಸೊಂಟದಲ್ಲಿ ಬೇರೊಂದು. ಇಂದಿನ ಜೀನ್ಸ್ ಬಟ್ಟೆಯೂ ಓರೆನೇಯ್ಗೆಯದೇ ಎಂಬುದನ್ನು ನೆನೆದರೆ, ಆ ಹೆಸರಿಲ್ಲದ ನೇಕಾರ ನಮಗೆ ತೀರ ಹತ್ತಿರದವನೆನಿಸುತ್ತಾನೆ.

ಉಡುಪು ಅನುಕೂಲವಾಗಿದ್ದ ಮಾತ್ರಕ್ಕೆ ಸಮಾಜ ಅದನ್ನು ಒಪ್ಪುವುದಿಲ್ಲ. ಕ್ರಿಸ್ತಪೂರ್ವ 307ರಲ್ಲಿ ಚೀನದ ಝಾವ್ ರಾಜ್ಯದ ದೊರೆ ವೂಲಿಂಗ್, ಉತ್ತರದ ಅಲೆಮಾರಿಗಳ ಉಡುಪನ್ನು ಧರಿಸಿ ಕುದುರೆಯೇರಿ ಬಿಲ್ಲು ಹಿಡಿಯಬೇಕೆಂದು ತನ್ನವರಿಗೆ ಆಜ್ಞಾಪಿಸಿದ. ಉದ್ದನೆಯ ನಿಲುವಂಗಿಯವರಿಗೆ ಅದು ಅವಮಾನವಾಗಿ ಕಂಡಿತು. ರಾಜನ ಸ್ವಂತ ಚಿಕ್ಕಪ್ಪನೇ ಕಾಯಿಲೆಯ ನೆಪ ಹೇಳಿ ಆಸ್ಥಾನಕ್ಕೆ ಬರಲಿಲ್ಲ. ದೊರೆ ತಾನೇ ಅವನ ಮನೆಗೆ ಹೋಗಿ, ಬಟ್ಟೆ ಇರುವುದು ಬಳಕೆಗಾಗಿ, ಆಚಾರ ಇರುವುದು ಕಾರ್ಯಸಾಧನೆಗಾಗಿ ಎಂಬ ಅರ್ಥದಲ್ಲಿ ವಾದಿಸಿ ಒಪ್ಪಿಸಿದನೆಂದು ಚೀನೀ ಇತಿಹಾಸಗ್ರಂಥಗಳು ಹೇಳುತ್ತವೆ. ರೋಮಿನಲ್ಲಿಯೂ ಇದೇ ಕಥೆ. ಷರಾಯಿ ಅವರ ಕಣ್ಣಿಗೆ ಅನಾಗರಿಕರ ಗುರುತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಹೊನೋರಿಯಸ್ ರೋಮ್ ನಗರದೊಳಗೆ ಅದನ್ನು ಧರಿಸುವುದನ್ನೇ ನಿಷೇಧಿಸಿದ. ಆ ಹೊತ್ತಿಗೆ ಅವನ ಸೈನಿಕರು ಬಹುಕಾಲದಿಂದ ಅದನ್ನು ಉಡುತ್ತಿದ್ದರು!

ಭರತಖಂಡಕ್ಕೂ ಈ ಉಡುಪು ವಾಯವ್ಯದ ಕಣಿವೆಗಳಿಂದ, ಕುದುರೆಗಳೊಡನೆ ಬಂದಿತು. ಮಥುರೆಯ ವಸ್ತುಸಂಗ್ರಹಾಲಯದಲ್ಲಿ ತಲೆಯಿಲ್ಲದೆ ನಿಂತಿರುವ ಕನಿಷ್ಕನ ಪ್ರತಿಮೆಯನ್ನು ನೋಡಿದವರು ಆ ಭಾರವಾದ ಅಂಗಿಯನ್ನೂ ದಪ್ಪ ಪಾದರಕ್ಷೆಗಳನ್ನೂ ಮರೆಯಲಾರರು. ಆ ಪ್ರಭಾವ ನಮ್ಮ ದೇವರನ್ನೂ ಬಿಡಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯು ಸೂರ್ಯನಿಗೆ ಉದೀಚ್ಯವೇಷವನ್ನು, ಅಂದರೆ ಉತ್ತರದವರ ಉಡುಪನ್ನು ವಿಧಿಸುತ್ತದೆ. ಅದರಂತೆ ಉತ್ತರದ ಸೂರ್ಯವಿಗ್ರಹಗಳ ಕಾಲಲ್ಲಿ ಸವಾರನ ಪಾದರಕ್ಷೆಗಳಿವೆ. ನಮ್ಮ ದಕ್ಷಿಣದ ಸೂರ್ಯನೋ ಬರಿಗಾಲಿನವನು. ಶಿಲ್ಪಿಗಳ ಈ ಭೇದದಲ್ಲಿ ಹವಾಮಾನದ ಒಂದು ಪಾಠವೂ ಅಡಗಿರಬಹುದೇನೋ.

ಏಕೆಂದರೆ ಕನ್ನಡನಾಡಿಗೆ ಕುದುರೆ ಬಂದಷ್ಟು ಸುಲಭವಾಗಿ ಷರಾಯಿ ಬರಲಿಲ್ಲ. ವಿಜಯನಗರದ ಅರಸರು ಅರೇಬಿಯಾ, ಪರ್ಷಿಯಾಗಳ ಕುದುರೆಗಳನ್ನು ಭಟ್ಕಳ, ಗೋವೆಗಳಂಥ ಬಂದರುಗಳಿಂದ ತರಿಸಿಕೊಳ್ಳುತ್ತಿದ್ದರು. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆಗಳೂ ಪರದೇಶದವರೂ ಸಾಲುಸಾಲಾಗಿ ಕೆತ್ತಲ್ಪಟ್ಟಿದ್ದಾರೆ. ಅವರಿಂದ ನಮ್ಮ ಆಸ್ಥಾನಗಳು ಕಬಾಯಿಯನ್ನು ತೆಗೆದುಕೊಂಡವು, ಕುಳ್ಳಾಯಿಯನ್ನು ತೆಗೆದುಕೊಂಡವು. ತಿರುಮಲೆಯಲ್ಲಿ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೆ ಎತ್ತರದ ಕುಳ್ಳಾಯಿ ಇದೆ. ಸೊಂಟದಲ್ಲಿ ಮಾತ್ರ ನಮ್ಮ ಧೋತ್ರವೇ ಇದೆ. ತಲೆ ಒಪ್ಪಿದ್ದನ್ನು ಕಾಲು ಏಕೆ ಒಪ್ಪಲಿಲ್ಲ?

ಕಾಲಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲವೆಂಬುದೇ ಇದಕ್ಕೆ ಉತ್ತರವೆಂದು ನನಗೆ ತೋರುತ್ತದೆ. ನಮ್ಮ ಕಚ್ಚೆಯನ್ನೇ ನೋಡಿ. ಹೊಲಿಗೆಯಿಲ್ಲದ ಒಂದೇ ವಸ್ತ್ರ. ಕಾಲುಗಳ ನಡುವೆ ಹಾಯಿಸಿ ಹಿಂದೆ ಸಿಕ್ಕಿಸಿದೊಡನೆ ಅದು ಎರಡು ಕಾಲಿನ ಉಡುಪಾಗುತ್ತದೆ. ಬಿಚ್ಚಿದರೆ ಹೊದಿಕೆ, ಹಾಸಿದರೆ ಹಾಸಿಗೆ, ಮಡಿಸಿದರೆ ತಲೆಗೆ ರುಮಾಲು. ಗಾಳಿಯಾಡುತ್ತದೆ, ಬೇಗ ಒಣಗುತ್ತದೆ, ಯಾವ ಮೈಕಟ್ಟಿಗೂ ಒಗ್ಗುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕಚ್ಚೆ ಹಾಕಿದ ಸೀರೆಯಲ್ಲಿಯೇ ಕಳೆ ಕಿತ್ತಿದ್ದಾರೆ, ಬಂಡಿ ಏರಿದ್ದಾರೆ, ಹರದಾರಿಗಟ್ಟಲೆ ನಡೆದು ಜಾತ್ರೆ ಸೇರಿದ್ದಾರೆ. ಹೊಲಿದ ಉಡುಪೇ ನಮಗೆ ಗೊತ್ತಿರಲಿಲ್ಲವೆಂದಲ್ಲ. ನಡುಗನ್ನಡ ಕಾವ್ಯಗಳ ವೀರರು ಉಡುವ ಚಲ್ಲಣವಿದೆ. ಮುಂದೆ ಅರಬ್ಬಿಯಿಂದ ಇಜಾರ ಬಂತು. ಪಾರಸಿಯಿಂದ, ಕಾಲು ಎಂಬರ್ಥದ ‘ಪಾಯ್’ ಮತ್ತು ಬಟ್ಟೆ ಎಂಬರ್ಥದ ‘ಜಾಮಾ’ ಸೇರಿ ಪಾಯಜಾಮ ಬಂತು. ಇಂಗ್ಲಿಷಿನ ಹಿಂದೆ ಪ್ಯಾಂಟು ಬಂತು. ನಮ್ಮ ನಾಡಿಗೆ ಯಾವ ಯಾವ ದಾರಿಗಳಿಂದ ಜನ ಬಂದರೆಂಬುದಕ್ಕೆ ಈ ಪದಗಳ ಸಾಲೇ ಒಂದು ಶಾಸನ.

ಈ ಪಾಯಜಾಮವೇ ಮುಂದೆ ಪಾಶ್ಚಾತ್ಯರಿಗೆ ಹಗುರತೆಯ ಪಾಠ ಹೇಳಿತು. ಉಣ್ಣೆಯ ಬಿಗಿ ಉಡುಪಿನಲ್ಲಿ ಬೆವರಿ ಬೇಯುತ್ತಿದ್ದ ಕಂಪನಿಯ ಸೈನಿಕರ ನಡುವೆ, 1846ರ ಕೊನೆಯಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ‘ಗೈಡ್ಸ್’ ಎಂಬ ಹೊಸ ಪಡೆಯನ್ನು ಕಟ್ಟಿದ. ತನ್ನವರಿಗೆ ಅವನು ಕೊಡಿಸಿದ್ದು ಆ ಸೀಮೆಯ ಒರಟು ಹತ್ತಿಯ ಸಡಿಲ ಅಂಗಿ ಮತ್ತು ಪಾಯಜಾಮ, ಮಣ್ಣಿನ ಬಣ್ಣದಲ್ಲಿ ಅದ್ದಿದವು. ‘ಖಾಕ್’ ಎಂದರೆ ಧೂಳು, ಅದರಿಂದ ಖಾಕಿ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆ ನಡೆಸುತ್ತಿದ್ದ ಜಾನ್ ಹಾಲರ್ 1850ರ ದಶಕದಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂಬುದು ದಕ್ಷಿಣ ಕನ್ನಡದಲ್ಲಿ ಪ್ರಸಿದ್ಧವಾದ ಮಾತು. ಹೆಸರೂ ಮೊದಲ ಬಳಕೆಯೂ ಪೇಶಾವರದವಾದರೂ, ಗಟ್ಟಿಯಾದ ಖಾಕಿ ಬಟ್ಟೆಯ ಚರಿತ್ರೆಯಲ್ಲಿ ನಮ್ಮ ಕರಾವಳಿಗೊಂದು ಸ್ಥಾನವಿದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೇನೆ ಹೊರದೇಶಗಳಲ್ಲೆಲ್ಲ ಖಾಕಿಗೆ ಬಂದಿತ್ತು. ಇತ್ತ ಇಂಗ್ಲೆಂಡಿನ ಗೃಹಸ್ಥರು ಪಾಯಜಾಮವನ್ನು ಮಲಗುವ ಉಡುಪಾಗಿ ಮಾಡಿಕೊಂಡಿದ್ದರು. ಅಲೆದಾಟದ ಉಡುಪಿಗೆ ಹಾಸಿಗೆಯಲ್ಲಿ ನಿವೃತ್ತಿ!

ಆದರೆ ಈ ಸೌಕರ್ಯವೆಲ್ಲ ಗಂಡಸರದು. ಪ್ಯಾರಿಸಿನಲ್ಲಿ 1800ರ ನವೆಂಬರಿನಲ್ಲಿ ಹೊರಟ ಒಂದು ಆಜ್ಞೆಯ ಪ್ರಕಾರ, ಗಂಡುಡುಗೆ ತೊಡಬೇಕೆನ್ನುವ ಹೆಂಗಸು ಪೊಲೀಸರ ಅಪ್ಪಣೆ ಪಡೆಯಬೇಕಿತ್ತು. ಪ್ರಾಣಿಗಳ ಚಿತ್ರಗಳಿಗೆ ಹೆಸರಾದ ರೋಸಾ ಬಾನ್ಹರ್, ದನಕುದುರೆಗಳ ಸಂತೆಗಳಲ್ಲಿ ಅಡ್ಡಾಡಿ ಚಿತ್ರ ಬರೆಯಲು ಅಂಥ ಅಪ್ಪಣೆಚೀಟಿಯನ್ನು ಪಡೆದಿದ್ದಳು. 1892ರಲ್ಲಿ ಮತ್ತು 1909ರಲ್ಲಿ ಆ ಆಜ್ಞೆಯನ್ನು ಸಡಿಲಿಸಿದರು. ಹೇಗೆಂದರೆ, ಹೆಂಗಸಿನ ಕೈಯಲ್ಲಿ ಕುದುರೆಯ ಲಗಾಮು ಇಲ್ಲವೆ ಸೈಕಲ್ಲಿನ ಹಿಡಿ ಇದ್ದರೆ ಷರಾಯಿಗೆ ಅಡ್ಡಿಯಿಲ್ಲ! ಸವಾರಿ ಮುಗಿದು ನೆಲಕ್ಕಿಳಿದರೆ ಮತ್ತೆ ಅಪರಾಧಿ. ಈ ಆಜ್ಞೆ ಬಳಕೆ ತಪ್ಪಿ ಎಷ್ಟೋ ಕಾಲವಾಗಿದ್ದರೂ, ಅದು ಅಸಿಂಧುವೆಂದು ಫ್ರೆಂಚ್ ಸರ್ಕಾರ ಸಾರಿದ್ದು 2013ರಲ್ಲಿ.

ಇಂಗ್ಲೆಂಡಿನಲ್ಲಿ 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ ಏರಿ, ಸಡಿಲವಾದ ಷರಾಯಿಯುಟ್ಟು ಸರ್ರೆ ಪ್ರಾಂತದ ಒಂದು ಹೋಟೆಲಿಗೆ ಊಟಕ್ಕೆ ಹೋದಳು. ಆ ಉಡುಪಿನವರಿಗೆ ಕಾಫಿ ಕೊಠಡಿಯಲ್ಲಿ ಜಾಗವಿಲ್ಲ, ಬೇಕಾದರೆ ಸಾರಾಯಿ ಕುಡಿಯುವವರ ಬದಿಯ ಕೋಣೆಯಲ್ಲಿ ಕೂರಬಹುದು ಎಂದರು. ಮೊಕದ್ದಮೆ 1899ರಲ್ಲಿ ನಡೆಯಿತು. ಬೇರೊಂದು ಕೋಣೆಯನ್ನು ತೋರಿಸಿದ್ದರಿಂದ ಅದು ನಿರಾಕರಣೆಯಲ್ಲವೆಂದು ತೀರ್ಪಾಗಿ ಹೋಟೆಲಿನವರೇ ಗೆದ್ದರು. ನ್ಯಾಯಾಲಯದಲ್ಲಿ ಸೋತ ಆ ಷರಾಯಿ ರಸ್ತೆಯಲ್ಲಿ ಗೆದ್ದಿತೆನ್ನಬೇಕು.

ನಮ್ಮಲ್ಲಿಯೂ ಈ ಬದಲಾವಣೆಯನ್ನು ತಂದುದು ಭಾಷಣಗಳಲ್ಲ, ಬಸ್ಸು ಮತ್ತು ಸೈಕಲ್ಲು. ನಾನು ಪಾಠ ಹೇಳತೊಡಗಿದ ಕಾಲಕ್ಕೆ ತರಗತಿಯ ಹೆಣ್ಣುಮಕ್ಕಳು ಲಂಗದಾವಣಿಯವರು, ಸೀರೆಯವರು. ಸಲ್ವಾರ್, ಚೂಡಿದಾರಗಳು ಒಂದೆರಡಾಗಿ ಕಾಣಿಸಿಕೊಂಡಾಗ ಹಿರಿಯರಲ್ಲಿ ಗೊಣಗಾಟವಿತ್ತು. ಹಳ್ಳಿಗಳಿಂದ ತುಂಬಿದ ಬಸ್ಸಿನಲ್ಲಿ ಜೋತಾಡಿಕೊಂಡು ಬರಬೇಕಾದ ಹುಡುಗಿಯರಿಗೆ ಆ ಗೊಣಗಾಟಕ್ಕಿಂತ ಕಾಲುಗಳ ಸ್ವಾತಂತ್ರ್ಯ ಹೆಚ್ಚಿನದಾಗಿತ್ತು. ಸಲ್ವಾರಿನ ತೊಡೆಸಂದಿನಲ್ಲಿ ದರ್ಜಿಗಳು ಇಡುವ ತುಂಡಿಗೆ ಹಿಂದುಸ್ಥಾನಿಯಲ್ಲಿ ‘ಮಿಯಾನಿ’ ಎಂದು ಹೆಸರು. ತುರ್ಫಾನಿನ ನೇಕಾರ ನೇಯ್ದ ಮೂರನೆಯ ತುಂಡು ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ. ಅಂದು ಕುದುರೆ, ಇಂದು ಬಸ್ಸಿನ ಮೆಟ್ಟಿಲು, ತತ್ತ್ವ ಒಂದೇ.

ಬಟ್ಟೆಯ ವಿಷಯದಲ್ಲಿ ಮಾತ್ರ ಇಪ್ಪತ್ತನೆಯ ಶತಮಾನ ಹೊಸದೊಂದನ್ನು ಕೂಡಿಸಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ಎಳೆ, ಟೆರಿಲಿನ್ ಎಂಬ ಹೆಸರಿನಲ್ಲಿ ನಮ್ಮ ಮನೆಗಳಿಗೂ ಬಂದಿತು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ನೂರಕ್ಕೆ 8 ಪಾಲು ತೇವವನ್ನು ಹಿಡಿದಿಡುತ್ತದೆ. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹಿಡಿಯದು. ಆದ್ದರಿಂದಲೇ ಅದು ಬೇಗ ಒಣಗುತ್ತದೆ. ಆದ್ದರಿಂದಲೇ ನಮ್ಮ ಸೆಕೆಯಲ್ಲಿ ಬೆವರು ಮೈಗಂಟಿ ಹಿಂಸೆಯೂ ಆಗುತ್ತದೆ. ಎರಡನ್ನೂ ಬೆರೆಸಿದ ಟೆರಿಕಾಟ್ ಈ ಜಗಳದ ರಾಜಿ. ಪ್ರಯಾಣಿಕ ಆರಿಸಬೇಕಾದ್ದು ತಾನು ಹೋಗುವ ಸೀಮೆಯ ಗಾಳಿಯನ್ನು ನೋಡಿ: ಒಣ ಬಿಸಿಲಿಗೆ ತೆಳು ಹತ್ತಿ, ಮಳೆಯ ಮಲೆನಾಡಿಗೆ ಬೇಗ ಒಣಗುವ ಬೆರಕೆ. ಎಲ್ಲಿಗೆ ಹೋದರೂ ನಡುವಿನ ಆ ತುಂಡಿಗೆ ದರ್ಜಿ ಜಿಪುಣತನ ಮಾಡಿರಬಾರದು.

ತುರ್ಫಾನಿನ ಆ ಸವಾರರ ಹೆಸರು, ಭಾಷೆ, ಹಾಡು ಯಾವುದೂ ನಮಗೆ ಉಳಿದಿಲ್ಲ. ಉಳಿದಿರುವುದು ಅವರ ಷರಾಯಿ. ಅದರ ನೇಯ್ಗೆಯನ್ನು ನೋಡಿದರೆ ಒಂದು ಸಂಗತಿ ಮಾತ್ರ ನಿಚ್ಚಳವಾಗುತ್ತದೆ. ತನ್ನವರು ದೂರ ಹೋಗುವವರೆಂದು ಬಲ್ಲ ಯಾರೋ ಒಬ್ಬರು, ಅವರ ಕಾಲಿಗೆ ನೋವಾಗದಿರಲೆಂದು ಬಹಳ ದಿನ ಮಗ್ಗದ ಮುಂದೆ ಕುಳಿತಿದ್ದರು.