ನಿಯತಿಯ ನೂಲುಂಡೆ

ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಮನುಷ್ಯ ದುಡಿಯುವುದೇಕೆ? ಮಂಡ್ಯ, ಮದ್ದೂರು, ಮಳವಳ್ಳಿಗಳ ಅರಳಿಕಟ್ಟೆಗಳಲ್ಲಿ ‘ಹಣೆಬರಹ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಇದನ್ನು ನೇರವಾಗಿ ಎದುರಿಸಿದ ಪಂಥಗಳು ಎರಡುಂಟು. ಒಂದು, ಅಳಿದುಹೋದ ಆಜೀವಿಕ ಮತ. ಇನ್ನೊಂದು, ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಬ್ರಹ್ಮಾಕುಮಾರಿ ಪಂಥ.

ಆಜೀವಿಕರ ಮುಖ್ಯ ಗುರು ಮಕ್ಖಲಿ ಗೋಸಾಲ, ಬುದ್ಧ ಮಹಾವೀರರ ಸಮಕಾಲೀನ. ಎಸೆದ ನೂಲುಂಡೆ ನೂಲು ಮುಗಿಯುವವರೆಗೂ ಬಿಚ್ಚುತ್ತ ಉರುಳುವಂತೆ, ಜಾಣನೂ ಮೂಢನೂ ಎಂಬತ್ತನಾಲ್ಕು ಲಕ್ಷ ಮಹಾಕಲ್ಪ ಸುತ್ತಿಯೇ ದುಃಖದಿಂದ ಬಿಡುಗಡೆ ಹೊಂದಬೇಕು. ಪುರುಷಪ್ರಯತ್ನದಿಂದ ಏನೂ ಆಗದು ಎಂಬುದು ಅವನ ಬೋಧೆ. ಅಶೋಕನು ಬಿಹಾರದ ಬರಾಬರ್ ಬೆಟ್ಟದಲ್ಲಿ ಈ ಸಂನ್ಯಾಸಿಗಳಿಗೆ ಗುಹೆಗಳನ್ನು ಕೊಟ್ಟನು. ನಮ್ಮ ಕೋಲಾರ ಸೀಮೆಯ ಶಾಸನಗಳಲ್ಲಿ ಆಜೀವಿಕರ ಮೇಲಣ ತೆರಿಗೆಯ ಉಲ್ಲೇಖವಿದೆ. ಸುಮಾರು ೧೪ನೆಯ ಶತಮಾನದ ತರುವಾಯ ಅವರ ಸುದ್ದಿಯಿಲ್ಲ. ಅವರ ಸ್ವಂತ ಗ್ರಂಥಗಳು ಉಳಿಯಲಿಲ್ಲವಾಗಿ, ಎದುರಾಳಿಗಳಾದ ಬೌದ್ಧ ಜೈನರ ಮಾತಿನಿಂದಲೇ ಅವರನ್ನು ಅರಿಯಬೇಕಾಗಿದೆ.

ಬ್ರಹ್ಮಾಕುಮಾರಿ ಪಂಥವನ್ನು ಸಿಂಧ್ ಪ್ರಾಂತದ ಹೈದರಾಬಾದಿನ ವಜ್ರದ ವ್ಯಾಪಾರಿ ಲೇಖರಾಜ ಕೃಪಲಾನಿಯವರು ೧೯೩೬–೩೭ರಲ್ಲಿ ಆರಂಭಿಸಿದರು. ೧೯೫೦ರಲ್ಲಿ ಅದು ಮೌಂಟ್ ಆಬುವಿಗೆ ಬಂದಿತು. ೧೯೬೯ರಲ್ಲಿ ಅವರು ತೀರಿಕೊಂಡರು. ಕಾಲವು ಐದು ಸಾವಿರ ವರ್ಷಗಳ ನಾಟಕ, ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮತ್ತೆ ಮತ್ತೆ ನಡೆಯುತ್ತದೆ ಎಂದು ಈ ಪಂಥ ಹೇಳುತ್ತದೆ. ಗೋಸಾಲನ ನೂಲು ಒಮ್ಮೆ ಮುಗಿಯುತ್ತದೆ. ಈ ಚಕ್ರಕ್ಕೆ ಕೊನೆಯಿಲ್ಲ.

ಎಲ್ಲವೂ ನಿಶ್ಚಿತವೆಂದವರು ಕೈಕಟ್ಟಿ ಕುಳಿತರೆ? ಇಲ್ಲ. ಆಜೀವಿಕರು ಕಠೋರ ತಪಸ್ವಿಗಳಾಗಿದ್ದರು. ಬಿಳಿ ಸೀರೆಯ ಸೋದರಿಯರು ಬೆಳಗಿನ ನಾಲ್ಕಕ್ಕೆ ಎದ್ದು ಧ್ಯಾನ ಮಾಡುತ್ತಾರೆ, ಬ್ರಹ್ಮಚರ್ಯ ಪಾಲಿಸುತ್ತಾರೆ. ಹೆಣ್ಣು ಮದುವೆಯನ್ನು ಒಲ್ಲೆನೆಂದುದಕ್ಕೆ ಸಿಂಧಿನಲ್ಲಿ ಎದ್ದ ಪ್ರಬಲ ವಿರೋಧವನ್ನು ತಾಳಿಕೊಂಡು ನಿಂತವರು ಅವರ ಹಿರಿಯರು. ‘ಪುರುಷಾರ್ಥ’ವೆಂಬ ಮಾತು ಅವರಲ್ಲಿ ಬಲು ಬಳಕೆಯದು, ಗೋಸಾಲ ಅಲ್ಲಗಳೆದುದು ಅದನ್ನೇ.

ಈ ವಾದಕ್ಕೆ ಮಂಡ್ಯಕ್ಕಿಂತ ಒಳ್ಳೆಯ ಒರೆಗಲ್ಲು ಯಾವುದು? ಮಳೆಯನ್ನೇ ನೆಚ್ಚಿದ ರಾಗಿಯ ನೆಲ ಇಲ್ಲಿ ಬಹಳವಿತ್ತು. ೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ತೊಡಗಿತು. ಮುಂದೆ ಹುಲಿಕೆರೆಯ ಬಳಿ ಸುರಂಗ ಕೊರೆದು, ಇರ್ವಿನ್ ನಾಲೆ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮದ್ದೂರು ಮಳವಳ್ಳಿಗಳವರೆಗೆ ನೀರನ್ನು ಒಯ್ದಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕಬ್ಬು ಊರಿನ ಹೆಸರಾಯಿತು. ಹಣೆಬರಹವನ್ನು ಗುದ್ದಲಿ ತಿದ್ದಿತೆಂದು ನಾವು ಹೇಳುತ್ತೇವೆ. ಆ ಗುದ್ದಲಿಯೂ ನೂಲುಂಡೆಯಲ್ಲೇ ಸುತ್ತಿಕೊಂಡಿತ್ತೆಂದು ಗೋಸಾಲ ನಕ್ಕಾನು. ಅವನನ್ನು ವಾದದಲ್ಲಿ ಗೆಲ್ಲುವುದು ಕಷ್ಟ.

ಆದರೆ ತತ್ತ್ವವನ್ನು ಅಳೆಯಲು ವಾದವೊಂದೇ ಸಾಧನವಲ್ಲ. ಅದನ್ನು ಯಾರು, ಯಾರಿಗೆ ಹೇಳುತ್ತಾರೆಂಬುದನ್ನೂ ನೋಡಬೇಕು. ಕಾವೇರಿ ಬತ್ತಿ ನಾಲೆಗೆ ನೀರು ಬರದ ವರ್ಷ, ಒಣಗಿದ ಗದ್ದೆಯ ಬದುವಿನ ಮೇಲೆ ಕುಳಿತ ರೈತ ‘ಹಣೆಬರಹ’ ಎಂದರೆ ಅದು ನಾಳೆಗೆ ಬದುಕುವ ಧೈರ್ಯ. ನೀರು ಹಂಚುವ ಹೊಣೆ ಹೊತ್ತವನು ಅವನಿಗೆ ಅದೇ ಮಾತನ್ನು ಹೇಳಿದರೆ ಅದು ನೆಪ. ನಿಯತಿಯನ್ನು ನಂಬಿದ ಆ ಸಂನ್ಯಾಸಿಗಳಾಗಲಿ, ಈ ಸೋದರಿಯರಾಗಲಿ ಕಟ್ಟುಪಾಡನ್ನು ಮೊದಲು ತಮ್ಮ ಮೈಮೇಲೆ ಹಾಕಿಕೊಂಡವರು. ಅವರ ನಂಬಿಕೆ ನನ್ನದಲ್ಲವಾದರೂ ಆ ಕಾರಣಕ್ಕಾಗಿ ಅದನ್ನು ನಾನು ಹಗುರವಾಗಿ ಕಾಣಲಾರೆ.