ಒಂದೇ ಕಣ, ಸಾವಿರ ರಾಶಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಿರಿಯರಿಗೆ ಕಣದ ಸರದಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಒಂದೇ ಕಣದಲ್ಲಿ ಹಲವು ಮನೆಗಳ ಜೋಳದ ರಾಶಿ ನಡೆಯುವಾಗ, ಮೊದಲಿನವರ ಕಾಳು ಚೀಲ ಸೇರುವ ಮುನ್ನ ಮತ್ತೊಬ್ಬರು ತೆನೆ ಸುರಿಯುವಂತಿಲ್ಲ. ಸುರಿದರೆ ಯಾರ ಕಾಳು ಯಾರದೆಂದು ಹೇಳುವವರಿಲ್ಲ. ಅತಿವೇಗದ ಗಣಕಯಂತ್ರಗಳ ಒಳಗೂ ಇದೇ ತಕರಾರು. ಮಳೆಯನ್ನೇ ನಂಬಿದ ಈ ಸೀಮೆಯ ಹವಾಮಾನ ಮುನ್ಸೂಚನೆಗೂ ಅದಕ್ಕೂ ನಂಟಿದೆ.

ನಾಳೆಯ ಮಳೆಯ ಲೆಕ್ಕ ನಾಡಿದ್ದು ಮುಗಿದರೆ ಪ್ರಯೋಜನವಿಲ್ಲ. ಅದಕ್ಕಾಗಿಯೇ 1980ರ ದಶಕದಲ್ಲಿ ಭಾರತ ಅಮೆರಿಕದ ‘ಕ್ರೇ’ ಸೂಪರ್ ಕಂಪ್ಯೂಟರಿಗೆ ಕೈಚಾಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಬಯಸಿದ ಯಂತ್ರ ಸಿಗಲಿಲ್ಲ. ದೆಹಲಿಯ ಹವಾಮಾನ ಕೇಂದ್ರಕ್ಕೆ ಅದಕ್ಕಿಂತ ಚಿಕ್ಕದೊಂದು ಬಂತು, ಅದೂ ಷರತ್ತುಗಳೊಂದಿಗೆ. ಇತ್ತ ಬೆಂಗಳೂರಿನ ಎನ್‌ಎಎಲ್‌ನಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿತು. ಒಂದು ದೈತ್ಯನ ಬದಲು ನಾಲ್ಕು ಸಾಧಾರಣ ಪ್ರೊಸೆಸರ್‌ಗಳಿಗೆ ಕೆಲಸ ಹಂಚುವ ಉಪಾಯ ಅದರದು.

ಹಂಚುವುದು ಸುಲಭ, ಹಂಚಿದವರು ಒಂದೇ ಜಾಗ ಬಳಸುವುದು ಕಷ್ಟ. ಮೆಮೊರಿಯ ಒಂದು ಕೋಶದಲ್ಲಿ 10 ಇದೆ ಎನ್ನೋಣ. ಒಬ್ಬ ಅದಕ್ಕೆ 5, ಇನ್ನೊಬ್ಬ 7 ಸೇರಿಸಬೇಕು. ಇಬ್ಬರೂ ಏಕಕಾಲಕ್ಕೆ 10ನ್ನು ಓದಿಕೊಂಡರೆ, ಒಬ್ಬ 15 ಬರೆಯುತ್ತಾನೆ, ಅದರ ಮೇಲೆ ಇನ್ನೊಬ್ಬ 17 ಬರೆಯುತ್ತಾನೆ. ಬರಬೇಕಾದದ್ದು 22. ಯಂತ್ರ ಗೊಣಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಇನ್ನೊಮ್ಮೆ ಓಡಿಸಿದರೆ ಸರಿಯುತ್ತರವೇ ಬಂದೀತು! ಈ ಚಂಚಲತೆಯೇ ನಿಜವಾದ ಅಪಾಯ.

ಒಬ್ಬ ಒಳಗಿರುವಾಗ ಉಳಿದವರು ಹೊರಗೆ ಕಾಯಬೇಕೆಂಬ ನಿಯಮವನ್ನು 1965ರಲ್ಲಿ ಗಣಿತದ ಕಟ್ಟುನಿಟ್ಟಿಗೆ ತಂದವರು ಹಾಲೆಂಡಿನ ಡೈಕ್‌ಸ್ಟ್ರಾ. ಅವರ ಉಪಾಯದ ಹೆಸರು ‘ಸೆಮಾಫೋರ್’, ಅಂದರೆ ರೈಲಿನ ಕೈಮರ. ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳಲ್ಲಿ ಒಂದು ನಿಲ್ದಾಣದಲ್ಲಿ ಕಾಯಲೇಬೇಕೆಂಬುದು ಹೊಸಪೇಟೆ–ಕೊಟ್ಟೂರು ದಾರಿಯ ಜನರಿಗೆ ಹೊಸದೇನಲ್ಲ.

1990ರ ದಶಕದಲ್ಲಿ ಫ್ಲೋಸಾಲ್ವರ್‌ನ ಮುಂದಿನ ಪೀಳಿಗೆಯ ಯಂತ್ರದ ಮೇಲೆ ದೆಹಲಿ ಕೇಂದ್ರದ ‘ಟಿ–80’ ಹವಾಮಾನ ಮಾದರಿ ಓಡಿತು. ಅದು ಭೂಮಿಯನ್ನು ಸುಮಾರು 150 ಕಿ.ಮೀ. ಅಗಲದ ಚೌಕಗಳಾಗಿ ಕಾಣುತ್ತಿತ್ತು. ನಮ್ಮ ಐದೂ ತಾಲ್ಲೂಕುಗಳು ಅಂಥ ಒಂದೇ ಚೌಕದ ಅಳತೆಯೊಳಗೆ ಹಿಡಿಸುತ್ತವೆ. ಹಡಗಲಿಯ ಹೊಳೆದಂಡೆಗೂ ಕೂಡ್ಲಿಗಿಯ ಮಸಾರಿ ಹೊಲಕ್ಕೂ ಒಂದೇ ಮಳೆ! 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ನ ಚೌಕ 6 ಕಿ.ಮೀ. ಚೌಕದ ಅಗಲ ಅರ್ಧವಾದರೆ ಲೆಕ್ಕ ಹೆಚ್ಚೂಕಡಿಮೆ ಎಂಟು ಪಟ್ಟು. ಪಕ್ಕದ ಚೌಕದ ಗಾಳಿ, ತೇವಗಳ ಅಂಕಿ ಸಿಗದೆ ಯಾವ ಚೌಕದ ಲೆಕ್ಕವೂ ಮುಂದೆ ಸಾಗದು.

ಇಂಥ ಭಾರಿ ಲೆಕ್ಕಗಳಿಗೆ ಈಗ ‘ಜಿಪಿಯು’ ಒದಗಿದೆ. ವಿಡಿಯೊ ಆಟದ ಚಿತ್ರ ಬರೆಯಲು ಹುಟ್ಟಿದ ಈ ಬಿಲ್ಲೆಯನ್ನು 2007ರಲ್ಲಿ ಎನ್‌ವಿಡಿಯಾದ ‘ಕುಡಾ’ ಸಾಮಾನ್ಯ ಲೆಕ್ಕಕ್ಕೂ ತೆರೆಯಿತು. ಇಲ್ಲಿ ಸಾವಿರಾರು ‘ಎಳೆ’ಗಳು ಒಟ್ಟಿಗೆ ಓಡುತ್ತವೆ. ಗರಿಷ್ಠ 1,024 ಎಳೆಗಳ ಒಂದು ಗುಂಪಿಗೆ ಒಂದು ಪುಟ್ಟ ಹಂಚಿಕೆಯ ಮೆಮೊರಿ. ಎಲ್ಲ ಎಳೆಗಳೂ ಅಲ್ಲಿ ತಮ್ಮ ಅಂಕಿ ಇಟ್ಟು ತಡೆಗೆರೆಯ ಬಳಿ ನಿಲ್ಲಬೇಕು. ಕೊನೆಯ ಎಳೆ ಬಂದ ಮೇಲೆಯೇ ಓದು. ಓದಿ ಮುಗಿಯುವ ತನಕ ಆ ಜಾಗದಲ್ಲಿ ಹೊಸದನ್ನು ಬರೆಯುವಂತಿಲ್ಲ. ಒಂದೆರಡು ಎಳೆಗಳು ಬೇರೆ ದಾರಿ ಹಿಡಿದು ತಡೆಗೆರೆಗೆ ಬಾರದಿದ್ದರೆ ಉಳಿದವು ಅಲ್ಲೇ ನಿಂತುಬಿಡಬಹುದು. ಕಾಯುವ ಹೊತ್ತು ಉಳಿಸಲು ಜಾಣರು ಎರಡು ಕಣ ಮಾಡುತ್ತಾರೆ: ಒಂದರಲ್ಲಿ ಒಕ್ಕಣೆ ನಡೆಯುವಾಗ ಇನ್ನೊಂದರಲ್ಲಿ ತೆನೆ ಹರಡುವುದು.

ಆದರೆ ಜಾಗ ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ದ ವೇಗ 3.3 ಪೆಟಾಫ್ಲಾಪ್. ಅದರಲ್ಲಿರುವ ವಿ–100 ಜಿಪಿಯುವಿನಲ್ಲಿ ಒಂದು ಗುಂಪಿಗೆ ದಕ್ಕುವ ಹಂಚಿಕೆಯ ಮೆಮೊರಿ ಹೆಚ್ಚೆಂದರೆ 96 ಕಿಲೋಬೈಟ್. ಈ ಅಂಕಣದ ಹತ್ತಾರು ಬರಹ ತುಂಬಿದರೆ ಮುಗಿಯಿತು. ಎರಡು ಕಣ ಮಾಡಿದರೆ ಒಂದೊಂದಕ್ಕೆ ಅದರಲ್ಲಿ ಅರ್ಧ.